ಕಿವಿ ಮುಟ್ಟಿದ ಹುಡುಗನ ವಯಸ್ಸು

ಬೆಂಗಳೂರಿನ ಆಫೀಸುಗಳ ಊಟದ ಟೇಬಲ್ಲಿಗೆ ಇತ್ತೀಚೆಗೆ ಒಂದು ಹೊಸ ಮಾತು ಬಂದು ಕೂತಿದೆ: ಬಯಲಾಜಿಕಲ್ ಏಜ್. ಆಧಾರ್ ಕಾರ್ಡಿನಲ್ಲಿ ಮೂವತ್ತನಾಲ್ಕು ಇರಬಹುದು, ಆದರೆ ದೇಹಕ್ಕೆ ಎಷ್ಟಾಗಿದೆ? ಇಪ್ಪತ್ತೊಂಬತ್ತೋ, ನಲವತ್ತೊಂದೋ? ಬೆರಳು ಚುಚ್ಚಿ ಒಂದು ಹನಿ ರಕ್ತ ಕಳಿಸಿದರೆ, ಇಲ್ಲವೇ ಒಂದಿಷ್ಟು ಉಗುಳು ಕಳಿಸಿದರೆ, ಪಿಡಿಎಫ್ ರಿಪೋರ್ಟಿನಲ್ಲಿ ಒಂದು ನಂಬರ್ ಬರುತ್ತದಂತೆ. ನಂಬರ್ ಚಿಕ್ಕದಿದ್ದರೆ ಸ್ಟೇಟಸ್ಸಿಗೆ ಹಾಕಬಹುದು. ದೊಡ್ಡದಿದ್ದರೆ ಮಾತ್ರೆ, ಜಿಮ್ಮು, ತಣ್ಣೀರು ಸ್ನಾನ ಎಲ್ಲ ಇದ್ದೇ ಇವೆ.

ಈ ಮಾತು ಬಂದಾಗೆಲ್ಲ ಟೇಬಲ್ಲಿನಲ್ಲಿ ಯಾರಾದರೊಬ್ಬರು ನನ್ನ ಕಡೆ ತಿರುಗುತ್ತಾರೆ. "ನೀವು ಇದೇ ಅಲ್ವಾ ಮಾಡ್ತಿದ್ದಿದ್ದು? ಇದು ನಿಜಾನಾ?"

ನಿಜ, ನಾನು ಇದೇ ಮಾಡ್ತಿದ್ದಿದ್ದು. ಆದರೆ ಮನುಷ್ಯರಿಗಲ್ಲ, ಗುಬ್ಬಿಗಳಿಗೆ. ಉತ್ತರ ಯುರೋಪಿನ ಒಂದು ಲ್ಯಾಬಿನಲ್ಲಿ ನಾಲ್ಕು ವರ್ಷ, ಫ್ರೀಜರಿನಲ್ಲಿ ಕಾಪಿಟ್ಟಿದ್ದ ಗುಬ್ಬಿ ರಕ್ತದಿಂದ ಟೆಲೋಮಿಯರ್ ಉದ್ದ ಅಳೆದವಳು ನಾನು. ಪಿಎಚ್‌ಡಿಗೆ ಹೊರಟಾಗ ನಮ್ಮ ಕಾಕಾ ಕೇಳಿದ್ದು ನೆನಪಿದೆ: "ಗುಬ್ಬಿ ರಕ್ತ ನೋಡಾಕ ವಿಮಾನ ಹತ್ತಿ ಹೋಗಬೇಕೇನವಾ? ನಮ್ಮ ಹಟ್ಟ್ಯಾಗ ಗುಬ್ಬಿ ಇಲ್ಲೇನು?"

ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಹಟ್ಟಿ ಬಗ್ಗೆ. ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲೂಕು. ಬೆಂಗಳೂರಲ್ಲಿ "ಹಟ್ಟಿ" ಅಂದ ಕೂಡಲೇ "ಹಟ್ಟಿ ಕಾಪಿ?" ಅಂತಾರೆ. ಇದು ಚಿನ್ನದ ಹಟ್ಟಿ. 2001ರ ಫೆಬ್ರವರಿ 28ಕ್ಕೆ ಕೋಲಾರದ ಗಣಿ ಮುಚ್ಚಿದ ಮೇಲೆ, ದೇಶದಲ್ಲಿ ಹೇಳಿಕೊಳ್ಳುವಷ್ಟು ಚಿನ್ನ ನೆಲದಿಂದ ತೆಗೆಯುತ್ತಿರುವ ಊರು ನಮ್ಮದು. ಕಂಪನಿ ಶುರುವಾಗಿದ್ದು 1947ರಲ್ಲಿ, ನಿಜಾಮನ ಕಾಲದಲ್ಲಿ; ಆಗ ಅದರ ಹೆಸರು ಹೈದರಾಬಾದ್ ಗೋಲ್ಡ್ ಮೈನ್ಸ್. ಆದರೆ ಅಗೆತ ಅದಕ್ಕಿಂತ ಎಷ್ಟೋ ಹಳೆಯದು. ಆಳದ ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ಕಾಲ ಅಳೆದಾಗ ಸುಮಾರು ಎರಡು ಸಾವಿರ ವರ್ಷ ಬಂದಿದೆ. ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರಿರುವ ಶಾಸನ ಕಂಡುಹಿಡಿದ ಬೀಡನ್ ಕೂಡ ಚಿನ್ನ ಹುಡುಕುತ್ತಾ ಬಂದ ಎಂಜಿನಿಯರೇ.

ಅಪ್ಪ ಗಣಿಯಲ್ಲಿದ್ದರು. ಗಣಿ ಅಂದ ಕೂಡಲೇ ತಲೆಗೆ ದೀಪ ಕಟ್ಟಿಕೊಂಡು ಕೆಳಗಿಳಿಯೋದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಪ್ಪ ಮೊದಲ ಕೆಲವು ವರ್ಷ ಇಳಿದಿದ್ದರು. ಆಮೇಲೆ ಕೊನೆತನಕ ಅವರ ಕೆಲಸ ಕೋರ್ ಶೆಡ್ಡಿನಲ್ಲಿ. ನೆಲದೊಳಗೆ ಚಿನ್ನದ ರೀಫ್ ಎಲ್ಲಿದೆ ಅಂತ ನೋಡಲು ತುದಿಗೆ ವಜ್ರದ ಪುಡಿ ಕೂಡಿಸಿದ ಟೊಳ್ಳು ಕೊಳವೆಯಿಂದ ಬಂಡೆ ಕೊರೆಯುತ್ತಾರೆ. ಕೊಳವೆಯೊಳಗೆ ಕಲ್ಲಿನ ಉದ್ದನೆಯ ಕೋಲು ಸಿಗುತ್ತದೆ. ಅದೇ ಕೋರ್. ಅದನ್ನು ಅಡ್ಡಪಟ್ಟಿಗಳಿರುವ ಡಬ್ಬಿಗಳಲ್ಲಿ ಸಾಲಾಗಿ ಜೋಡಿಸಿ, ನಡುವೆ ಮರದ ತುಂಡಿನ ಮೇಲೆ ಆಳ ಬರೆದಿಟ್ಟು, ಹೋಲ್ ನಂಬರ್ ಹಾಕಿ ಇಡೋದು. ಆಮೇಲೆ ಕೋಲನ್ನು ಉದ್ದಕ್ಕೆ ಸೀಳಿ ಒಂದರ್ಧ ಪರೀಕ್ಷೆಗೆ ಕಳಿಸೋದು. ಇನ್ನರ್ಧ ಡಬ್ಬಿಯಲ್ಲೇ ಇರಬೇಕು.

"ಆ ಅರ್ಧ ಯಾಕಪ್ಪಾ ಇಟ್ಕೋತಾರ?" ಅಂತ ಚಿಕ್ಕವಳಿದ್ದಾಗ ಕೇಳಿದ್ದೆ.

"ಇವತ್ತಿನವ್ರು ಕೇಳಿದ್ದಕ್ಕ ಒಂದರ್ಧ. ನಾಳಿನವ್ರು ಏನು ಕೇಳ್ತಾರೋ ಯಾರಿಗೆ ಗೊತ್ತು? ಅದಕ್ಕ ಇನ್ನರ್ಧ."

ಈ ಮಾತಿನ ಬೆಲೆ ನನಗೆ ಗೊತ್ತಾಗಿದ್ದು ಹದಿನೈದು ವರ್ಷದ ಮೇಲೆ, ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನ ಮುಂದೆ.

*

ಈಗ ಸ್ವಲ್ಪ ಬಯಾಲಜಿ. ಬೋರ್ ಹೊಡೆಸಲ್ಲ, ಮಾತು ಕೊಡ್ತೀನಿ.

ಇಳಕಲ್ ಸೀರೆ ನೋಡಿದ್ದೀರಲ್ಲ? ಸೆರಗಿನ ಕೊನೆಯಲ್ಲಿ ಬಿಟ್ಟ ಎಳೆಗಳನ್ನು ಗಂಟು ಹಾಕಿ ಕುಚ್ಚು ಕಟ್ಟಿರುತ್ತಾರೆ. ಚೆಂದಕ್ಕೆ ಮಾತ್ರ ಅಲ್ಲ, ಕುಚ್ಚಿಲ್ಲದಿದ್ದರೆ ನೇಯ್ಗೆಯೇ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ನಮ್ಮ ಕ್ರೋಮೋಸೋಮುಗಳ ಎರಡೂ ತುದಿಗೂ ಇಂಥ ಕುಚ್ಚು ಇದೆ. ಅದೇ ಟೆಲೋಮಿಯರ್. ಟಿಟಿಎಜಿಜಿಜಿ ಅನ್ನೋ ಆರು ಅಕ್ಷರಗಳು ಸಾವಿರಾರು ಸಲ ಒಂದರ ಹಿಂದೊಂದು. ನಿಮಗೂ ಅದೇ ಆರು ಅಕ್ಷರ, ನಿಮ್ಮ ಬಾಲ್ಕನಿಯ ಪಾರಿವಾಳಕ್ಕೂ ಅದೇ ಆರು ಅಕ್ಷರ. ಜೀವಕೋಶ ಒಡೆದು ಎರಡಾದಾಗಲೆಲ್ಲ ಕುಚ್ಚು ಒಂದಿಷ್ಟು ಸವೆಯುತ್ತದೆ. ತೀರಾ ಸವೆದರೆ ಕೋಶ ಇನ್ನು ಒಡೆಯೋದು ಬೇಡ ಅಂತ ನಿಂತುಬಿಡುತ್ತದೆ. ಸವೆದದ್ದನ್ನು ಮತ್ತೆ ಕಟ್ಟಿಕೊಡುವ ಒಂದು ಕಿಣ್ವವೂ ಇದೆ, ಟೆಲೋಮರೇಸ್. ಆದರೆ ಅದು ಎಲ್ಲ ಕೋಶದಲ್ಲೂ, ಎಲ್ಲ ವಯಸ್ಸಿನಲ್ಲೂ ಕೆಲಸ ಮಾಡುವುದಿಲ್ಲ. ಇವನ್ನು ಬಿಡಿಸಿ ತೋರಿಸಿದ್ದಕ್ಕೆ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕೆರೊಲ್ ಗ್ರೈಡರ್, ಜಾಕ್ ಷೊಸ್ಟಾಕ್ ಮೂವರಿಗೆ 2009ರ ನೊಬೆಲ್ ಬಂತು. ಬಯಲಾಜಿಕಲ್ ಏಜ್ ಮಾರುವ ಎಷ್ಟೋ ಜಾಹೀರಾತುಗಳ ಬೇರು ಇಲ್ಲಿದೆ.

ಸರಿ, ಹಕ್ಕಿ ಯಾಕೆ?

ಒಂದು ಕಾರಣ ತೀರಾ ಸರಳ. ನಮ್ಮ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇಲ್ಲ, ಅಂದರೆ ಡಿಎನ್‌ಎ ಇಲ್ಲ. ಹಕ್ಕಿಯ ಕೆಂಪುಕಣದಲ್ಲಿ ಇದೆ. ಹಾಗಾಗಿ ರೆಕ್ಕೆಯ ಕೆಳಗಿನ ಸಣ್ಣ ನಾಳದಿಂದ ತೆಗೆದ ಒಂದು ಹನಿ ಸಾಕು, ಬೇಕಾದಷ್ಟು ಡಿಎನ್‌ಎ ಸಿಗುತ್ತದೆ. ಮೂವತ್ತು ಗ್ರಾಂ ತೂಗದ ಜೀವ ಅದು, ಒಂದು ಹನಿಗಿಂತ ಹೆಚ್ಚು ಕೇಳೋದಕ್ಕೆ ಮನಸ್ಸೂ ಬರಲ್ಲ.

ಎರಡನೇ ಕಾರಣ ನನಗೆ ಹೆಚ್ಚು ಇಷ್ಟ. ನೋಡಿ, ಕಾಡಿನ ಹಕ್ಕಿಯನ್ನು ನೋಡಿ ವಯಸ್ಸು ಹೇಳೋಕಾಗಲ್ಲ. ಮರಿ ಅಂತ ಗೊತ್ತಾಗುತ್ತೆ, ದೊಡ್ಡದು ಅಂತ ಗೊತ್ತಾಗುತ್ತೆ, ಅಷ್ಟೇ. ನರೆ ಕೂದಲು ಇಲ್ಲ, ಕೋಲು ಹಿಡಿಯಲ್ಲ. ಗೊತ್ತಾಗೋದು ಕಾಲಿನ ಉಂಗುರದಿಂದ. ಗೂಡಿನಲ್ಲಿರುವಾಗಲೇ ಕಾಲಿಗೆ ನಂಬರಿನ ಅಲ್ಯೂಮಿನಿಯಂ ಉಂಗುರ ಹಾಕಿದರೆ, ಆ ಹಕ್ಕಿ ಸಾಯೋತನಕ ಅದರ ಹುಟ್ಟಿದ ದಿನ ಗೊತ್ತಿರುತ್ತದೆ. ವಿಸ್ಡಮ್ ಅನ್ನೋ ಲೇಸನ್ ಆಲ್ಬಟ್ರಾಸ್ ಹಕ್ಕಿಯ ಬಗ್ಗೆ ಕೇಳಿರಬಹುದು. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ 1956ರಲ್ಲಿ ಉಂಗುರ ತೊಡಿಸಿದ್ದು. 2024ರ ಕೊನೆಯಲ್ಲಿ ಮತ್ತೆ ಮೊಟ್ಟೆ ಇಟ್ಟಳು! ಉಂಗುರ ಇರದಿದ್ದರೆ ಅವಳೂ ಸಾವಿರದಲ್ಲಿ ಒಂದು ಆಲ್ಬಟ್ರಾಸ್ ಅಷ್ಟೇ.

ನಾನು ಅಳೆದ ಗುಬ್ಬಿಗಳಿಗೂ ಉಂಗುರ ಇತ್ತು. ಟ್ಯೂಬಿನ ಮೇಲೆ ಉಂಗುರದ ನಂಬರ್, ಹಿಡಿದ ತಾರೀಖು, ಜಾಗ. ರಕ್ತ ಹಾಕಿಟ್ಟಿದ್ದು ಆಲ್ಕೋಹಾಲಿನಲ್ಲಿ. ಆಲ್ಕೋಹಾಲು ಮಾರ್ಕರ್ ಪೆನ್ನಿನ ಶಾಯಿಯನ್ನು ಅಳಿಸಿಬಿಡುತ್ತದೆ, ಅದಕ್ಕೆ ಹಳಬರು ಪೆನ್ಸಿಲ್ಲಿನಲ್ಲಿ ಬರೆದಿದ್ದರು. ನಾನು ಹೈಸ್ಕೂಲಲ್ಲಿದ್ದಾಗ ಯಾರೋ ತಣ್ಣನೆ ಗಾಳಿಯಲ್ಲಿ ನಿಂತು ಬರೆದ ಪೆನ್ಸಿಲ್ ಅಕ್ಷರ. ಅವರು ತೆಗೆದಿದ್ದು ಯಾವ ಮರಿಗೆ ಯಾವ ಅಪ್ಪ ಅಂತ ತಿಳಿಯೋದಕ್ಕೆ. ಟೆಲೋಮಿಯರ್ ಅವರ ತಲೆಯಲ್ಲೂ ಇರಲಿಲ್ಲ. ಅರ್ಧ ಉಳಿಸಿದ್ದರು. ಅದೇ ಅರ್ಧದಲ್ಲಿ ನನ್ನ ಪಿಎಚ್‌ಡಿ ಆಯಿತು.

*

ಅಳೆಯೋದು ಹೇಗೆ? ಎರಡು ಮುಖ್ಯ ದಾರಿ. ಹಳೆಯ ದಾರಿಯಲ್ಲಿ ಡಿಎನ್‌ಎಯನ್ನು ಕತ್ತರಿಸುವ ಕಿಣ್ವ ಹಾಕಿ, ಕುಚ್ಚುಗಳನ್ನು ಮಾತ್ರ ಉಳಿಸಿಕೊಂಡು, ಜೆಲ್ ಮೇಲೆ ಓಡಿಸಿ ಉದ್ದ ನೋಡೋದು. ಉದ್ದ ನೇರವಾಗಿ ಸಿಗುತ್ತದೆ, ಆದರೆ ಮುರಿಯದ ಡಿಎನ್‌ಎ ಜಾಸ್ತಿ ಬೇಕು, ದಿನಗಟ್ಟಲೆ ಕೆಲಸ. ಇನ್ನೊಂದು 2002ರಲ್ಲಿ ಕಾಥನ್ ಅನ್ನುವವರು ತೋರಿಸಿದ ಪಿಸಿಆರ್ ದಾರಿ. ಕೋವಿಡ್ ದಯದಿಂದ ಪಿಸಿಆರ್ ಅಂದರೆ ಈಗ ಎಲ್ಲರಿಗೂ ಗೊತ್ತು. ಇಲ್ಲಿ ಕುಚ್ಚಿನ ಅಕ್ಷರಗಳು ಎಷ್ಟಿವೆ ಅನ್ನೋದನ್ನು, ಬದಲಾಗದ ಇನ್ನೊಂದು ಜೀನ್ ಎಷ್ಟಿದೆ ಅನ್ನೋದರ ಜೊತೆ ಹೋಲಿಸಿ ಒಂದು ಅನುಪಾತ ತೆಗೆಯುತ್ತಾರೆ. ಬೇಗ ಆಗುತ್ತೆ, ಹನಿಯಲ್ಲಿ ಹತ್ತನೇ ಒಂದು ಭಾಗ ಸಾಕು. ಆದರೆ ಬರೋದು ಅನುಪಾತ ಮಾತ್ರ, ಉದ್ದ ಅಲ್ಲ. ಜೊತೆಗೆ ಕೆಲವು ಹಕ್ಕಿಗಳಲ್ಲಿ ಇದೇ ಆರಕ್ಷರ ಕ್ರೋಮೋಸೋಮಿನ ನಡುವೆಯೂ ಇರುತ್ತವೆ. ಪಿಸಿಆರ್ ಅವನ್ನೂ ಸೇರಿಸಿ ಎಣಿಸಿಬಿಡುತ್ತದೆ.

ಇವತ್ತಿನ ಪ್ಲೇಟಿಗೂ ನಾಳಿನ ಪ್ಲೇಟಿಗೂ ಅಳತೆ ಆಚೀಚೆ ಆಗುತ್ತದೆ. ಅದನ್ನು ಹಿಡಿಯೋದಕ್ಕೆ ಪ್ರತಿ ಪ್ಲೇಟಿನಲ್ಲೂ ಒಂದೇ ಹಕ್ಕಿಯ ಸ್ಯಾಂಪಲ್ ಇಟ್ಟೇ ಇರುತ್ತೇವೆ. ಅದಕ್ಕೆ ಲ್ಯಾಬ್ ಭಾಷೆಯಲ್ಲಿ ಗೋಲ್ಡನ್ ಸ್ಯಾಂಪಲ್ ಅಂತಾರೆ. ಹಟ್ಟಿಯಿಂದ ಹೋದವಳಿಗೆ ಅಲ್ಲೂ ಬಂಗಾರವೇ ಸಿಕ್ಕಿತು ಅಂತ ಅಪ್ಪನಿಗೆ ಫೋನಿನಲ್ಲಿ ಹೇಳಿ ನಕ್ಕಿದ್ದೆ.

ಕಾಪಿಟ್ಟ ರಕ್ತದ ದೊಡ್ಡ ತಲೆನೋವು ಬೇರೆ. ಆಲ್ಕೋಹಾಲು ಆರಿಹೋಗಿರುತ್ತದೆ. ಕರೆಂಟ್ ಹೋಗಿ ಫ್ರೀಜರ್ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿರುತ್ತದೆ. ಒಂದು ವರ್ಷದ ಸ್ಯಾಂಪಲ್ಲಿನಿಂದ ಡಿಎನ್‌ಎ ತೆಗೆದದ್ದು ಒಂದು ಕಿಟ್ಟಿನಿಂದ, ಇನ್ನೊಂದು ವರ್ಷದ್ದು ಇನ್ನೊಂದು ವಿಧಾನದಿಂದ. ಡಿಎನ್‌ಎ ಮುರಿದಿದ್ದರೆ ಅಳತೆ ದಾರಿ ತಪ್ಪುತ್ತದೆ. ಆಗ ವಯಸ್ಸಾಗಿದ್ದು ಹಕ್ಕಿಗೋ ಡಬ್ಬಿಗೋ ಅಂತ ಗೊತ್ತಾಗಲ್ಲ. ಅದಕ್ಕೆ ಮೊದಲು ಜೆಲ್ ಮೇಲೆ ಓಡಿಸಿ ಡಿಎನ್‌ಎ ಗಟ್ಟಿಯಿದೆಯೋ ಪುಡಿಯಾಗಿದೆಯೋ ನೋಡೋದು, ಎಲ್ಲ ವರ್ಷದ್ದನ್ನೂ ಒಂದೇ ವಿಧಾನದಲ್ಲಿ ತೆಗೆಯೋದು, ಹಳೆಯದು ಹೊಸದು ಕಲೆಸಿ ಪ್ಲೇಟಿಗೆ ಹಾಕೋದು, ಅಳೆಯುವಾಗ ಯಾವುದು ಯಾರದು ಅಂತ ನಮಗೇ ಗೊತ್ತಿಲ್ಲದ ಹಾಗೆ ನೋಡಿಕೊಳ್ಳೋದು. ನನ್ನ ನಾಲ್ಕು ವರ್ಷದಲ್ಲಿ ಮುಕ್ಕಾಲು ಪಾಲು ಹೋಗಿದ್ದು ಇದಕ್ಕೇ.

ಇಷ್ಟೆಲ್ಲ ಮಾಡಿದವರಿಗೆ ಸಿಕ್ಕಿದ್ದೇನು? ಗ್ಲಾಸ್ಗೋದ ತಂಡವೊಂದು 99 ಜೀಬ್ರಾ ಫಿಂಚ್ ಹಕ್ಕಿಗಳನ್ನು ಹುಟ್ಟಿನಿಂದ ಸಾವಿನತನಕ ನೋಡಿ 2012ರಲ್ಲಿ ಬರೆಯಿತು: 25ನೇ ದಿನಕ್ಕೆ ಯಾವ ಮರಿಯ ಟೆಲೋಮಿಯರ್ ಉದ್ದವಿತ್ತೋ ಅದು ಹೆಚ್ಚು ಕಾಲ ಬದುಕುವ ಸಾಧ್ಯತೆ ಹೆಚ್ಚು. ಸೇಶೆಲ್ಸ್‌ನ ಕಸಿನ್ ದ್ವೀಪದ ಪುಟ್ಟ ಉಲಿಯಕ್ಕಿಗಳ ಕಥೆ ಇನ್ನೂ ಚೆಂದ. 1960ರ ದಶಕದಲ್ಲಿ ಆ ಜಾತಿಯಲ್ಲಿ ಮೂವತ್ತು ಹಕ್ಕಿಯೂ ಉಳಿದಿರಲಿಲ್ಲ. ದ್ವೀಪ ಬಿಟ್ಟು ಹಾರಿಹೋಗುವುದು ತೀರಾ ಅಪರೂಪ, ಹಾಗಾಗಿ ಪ್ರತಿ ಹಕ್ಕಿಯ ಜಾತಕ ವಿಜ್ಞಾನಿಗಳ ಕೈಲಿದೆ. ದಶಕಗಳ ರಕ್ತ ಕೂಡಿಟ್ಟಿದ್ದಾರೆ. ಟೆಲೋಮಿಯರ್ ಗಿಡ್ಡ ಇದ್ದ, ಬೇಗ ಸವೆಯುತ್ತಿದ್ದ ಹಕ್ಕಿಗಳು ಬೇಗ ಸಾಯುವ ಸಂಭವ ಹೆಚ್ಚು ಅಂತ ಅಲ್ಲಿ ಕಂಡಿತು. ಅದೇ ಹಕ್ಕಿಗಳಲ್ಲಿ ಕೆಲವು ಸಲ ಟೆಲೋಮಿಯರ್ ಉದ್ದ ಆಗಿದ್ದೂ ಕಂಡಿತು! ನಾರ್ವೆಯ ದ್ವೀಪಗಳಲ್ಲಿ ಗುಬ್ಬಿಗಳನ್ನು ಕೆಲವು ವರ್ಷ ದೊಡ್ಡ ಮೈಯವನ್ನೇ ಆರಿಸಿ ಬೆಳೆಸಿದಾಗ, ದೊಡ್ಡ ಮೈಯವಕ್ಕೆ ಟೆಲೋಮಿಯರ್ ಗಿಡ್ಡ ಅಂತ ಗೊತ್ತಾಯಿತು. ಬೆಳೆದದ್ದಕ್ಕೆ ತೆತ್ತ ಬೆಲೆ. ಇನ್ನು ಲೀಚ್ಸ್ ಸ್ಟಾರ್ಮ್ ಪೆಟ್ರೆಲ್ ಅನ್ನೋ ಕಡಲ ಹಕ್ಕಿಯಲ್ಲಿ ವಯಸ್ಸಾದ ಹಕ್ಕಿಗಳ ಟೆಲೋಮಿಯರೇ ಉದ್ದ ಅಂತ 2003ರಲ್ಲಿ ಒಂದು ತಂಡ ಬರೆಯಿತು.

ಪೆಟ್ರೆಲ್ ನೋಡಿ ತಲೆ ಕೆರೆದುಕೊಳ್ಳಬೇಕಾದದ್ದು ಇಲ್ಲೇ. ಮುದಿ ಹಕ್ಕಿಗೆ ಟೆಲೋಮಿಯರ್ ನಿಜವಾಗಿ ಬೆಳೆಯಿತಾ? ಅಥವಾ ಗಿಡ್ಡ ಇದ್ದವೆಲ್ಲ ಮೊದಲೇ ಸತ್ತು, ಉದ್ದ ಇದ್ದವು ಮಾತ್ರ ಮುದಿಯಾಗಲು ಉಳಿದವಾ? ಬೇರೆ ಬೇರೆ ವಯಸ್ಸಿನ ಹಕ್ಕಿಗಳನ್ನು ಒಂದೇ ದಿನ ಹಿಡಿದು ಅಳೆದರೆ ಇದಕ್ಕೆ ಉತ್ತರ ಸಿಗಲ್ಲ. ಒಂದೇ ಹಕ್ಕಿಯ ಎರಡು ಹನಿ ಬೇಕು. ಒಂದು ಆಗಿನದು, ಒಂದು ಈಗಿನದು. ಒಂದು ಹನಿಯಿಂದ ಹುಟ್ಟೋದು ಊಹೆ. ಎರಡು ಹನಿ ಇದ್ದಾಗ ಬದಲಾವಣೆ ಕಾಣುತ್ತದೆ.

*

ಈಗ ಅಪ್ಪನ ವಿಷಯ.

ಅಪ್ಪನ ಹುಟ್ಟುಹಬ್ಬ ಜೂನ್ 1. ನಿಮ್ಮಲ್ಲಿ ಎಷ್ಟೋ ಜನರ ಅಪ್ಪ, ಅಮ್ಮ, ಮಾವಂದಿರ ಹುಟ್ಟುಹಬ್ಬವೂ ಜೂನ್ 1 ಇರುತ್ತದೆ, ಕೇಳಿ ನೋಡಿ. ಆ ದಿನ ಕರ್ನಾಟಕದಲ್ಲಿ ಅಷ್ಟು ಮಕ್ಕಳು ಹುಟ್ಟಿದ್ದಲ್ಲ, ಆ ದಿನದ ಲೆಕ್ಕ ಹಿಡಿದು ಶಾಲೆಗೆ ಸೇರಿದ್ದು. ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ. ಅದಕ್ಕೂ ಮೊದಲು ಹಳ್ಳಿಯಲ್ಲಿ ಹುಟ್ಟಿದ ಮಗುವಿನ ತಾರೀಖು ಅಂದರೆ ಮಾಸ್ತರರ ಪೆನ್ನು.

ಮಾಸ್ತರರ ಹತ್ತಿರ ಒಂದು ಅಳತೆ ಇತ್ತು. ಹುಡುಗನನ್ನು ನಿಲ್ಲಿಸಿ, ಬಲಗೈ ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಅನ್ನೋದು. ಮುಟ್ಟಿದರೆ ಆರು ವರ್ಷ ಆಗಿದೆ, ಸೇರಿಸು. ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಯೋಚನೆ ಮಾಡಿದರೆ ಇದೂ ಬಯಲಾಜಿಕಲ್ ಏಜ್ ಟೆಸ್ಟೇ. ಖರ್ಚಿಲ್ಲ, ಸೂಜಿ ಇಲ್ಲ, ರಿಪೋರ್ಟ್ ಅಲ್ಲೇ.

ಅಪ್ಪ ಉದ್ದ ಕೈಯ ಹುಡುಗ. ಅಜ್ಜಿ ಹೇಳುವ ಪ್ರಕಾರ ಹುಟ್ಟಿದ್ದು ಚೀನಾ ಯುದ್ಧದ ವರ್ಷ. "ಲಡಾಯಿಗೆ ಬಂಗಾರ ಕೊಡ್ರಿ ಅಂತ ಊರೂರು ಕೇಳಕೊಂತ ಬಂದಿದ್ರು. ನನ್ನ ಕೊಳ್ಳಾಗಿನ ಗುಂಡು ಎರಡು ಕೊಟ್ಟೆ. ಆವಾಗ ನಿಮ್ಮಪ್ಪ ಹೊಟ್ಟ್ಯಾಗ, ದಿನ ತುಂಬಿದ್ದು." ರಾಷ್ಟ್ರೀಯ ರಕ್ಷಣಾ ನಿಧಿಗೆ ಬಂಗಾರ ಕೇಳಿದ್ದು 1962ರ ಚಳಿಗಾಲದಲ್ಲಿ. ಹಾಗಾದರೆ ಅಪ್ಪ ಹುಟ್ಟಿದ್ದು ಆ ವರ್ಷದ ಕೊನೆಗೆ. 1967ರ ಜೂನಿನಲ್ಲಿ ಓಣಿಯ ದೊಡ್ಡ ಹುಡುಗರ ಹಿಂದೆ ಸಾಲಿಗೆ ಹೋಗಿ ನಿಂತಾಗ ನಾಲ್ಕೂವರೆ ವರ್ಷ. ಕೈ ಕಿವಿ ಮುಟ್ಟಿತು. ಮಾಸ್ತರರು ಆರು ವರ್ಷ ಅಂತ ಲೆಕ್ಕ ಹಾಕಿ ಬರೆದರು: 1-6-1961.

ಒಂದೂವರೆ ವರ್ಷ. ಆವತ್ತು ಅದು ಯಾರಿಗೂ ದೊಡ್ಡದಲ್ಲ, ಹುಡುಗನಿಗೆ ಖುಷಿಯೇ. ದೊಡ್ಡದಾಗಿದ್ದು ಐವತ್ತು ವರ್ಷ ಕಳೆದ ಮೇಲೆ, ನಿವೃತ್ತಿಯ ಕಾಗದ ಹತ್ತಿರ ಬಂದಾಗ. ಕಾಗದ ಇದ್ದ ಹಾಗೆ ನಡೆಯುತ್ತದೆ, ಬೇರೆ ಹೇಗೆ ನಡೆಯೋಕೆ ಸಾಧ್ಯ? ಹದಿನೆಂಟು ತಿಂಗಳ ಪಗಾರ ಮುಂಚೆ ನಿಲ್ಲುತ್ತದೆ. ಕ್ಯಾಂಪಿನ ಕ್ವಾರ್ಟರ್ಸ್ ಹದಿನೆಂಟು ತಿಂಗಳು ಮುಂಚೆ ಬಿಡಬೇಕು. ಕಟ್ಟುತ್ತಿದ್ದ ಮನೆಗೆ ಇನ್ನೂ ಸ್ಲ್ಯಾಬ್ ಬಿದ್ದಿರಲಿಲ್ಲ. ತಮ್ಮನ ಎಂಜಿನಿಯರಿಂಗ್ ಎರಡು ವರ್ಷ ಬಾಕಿ. ನಾನು ಅಲ್ಲಿ ಸ್ಟೈಪೆಂಡಿನಲ್ಲಿ ಉಳಿಸಿ ಕಳಿಸುತ್ತಿದ್ದದ್ದು ಸಾಲದ ಬಡ್ಡಿಗೆ ಸರಿ ಹೋಗುತ್ತಿತ್ತು.

ಆ ಸಲ ರಜೆಗೆ ಬಂದಾಗ ಕಾಕಾ ಒಂದು ಪ್ಲ್ಯಾನ್ ಮಾಡಿಕೊಂಡೇ ಕೂತಿದ್ದ. ಲಿಂಗಸುಗೂರಿನಲ್ಲಿ ಒಬ್ಬರು ವಕೀಲರನ್ನೂ ಮಾತಾಡಿಸಿದ್ದ.

"ನೀ ರಕ್ತ ನೋಡಿ ವಯಸ್ಸು ಹೇಳ್ತಿಯಂತ ಹೌದಿಲ್ಲ? ಅಣ್ಣನ ರಕ್ತ ತಗೊಂಡು ಹೋಗು. ನಿಮ್ಮ ಲ್ಯಾಬಿನ ಕಾಗದದ ಮ್ಯಾಲ ಒಂದು ಬರದು ಕೊಡು, ಇವರ ವಯಸ್ಸು ಇಷ್ಟಂತ. ಸೈ ಮಾಡು. ಡಾಕ್ಟರ್ ಅಂತ ಬರಿ. ಫಾರಿನ್ ಕಾಗದ ಅಂದ್ರ ಯಾರೂ ಇಲ್ಲ ಅನ್ನಂಗಿಲ್ಲ."

ಅವ್ವ ಚಹಾ ಸೋಸುತ್ತಾ ನಿಂತೇ ಬಿಟ್ಟಳು. ಅಪ್ಪ ಮಾತಾಡಲಿಲ್ಲ. ಕೇಳಿದ್ದು ಸ್ವಲ್ಪ ಹೊತ್ತಿನ ಮೇಲೆ, ನನ್ನ ಮುಖ ನೋಡದೆ: "ಯವ್ವಾ, ಖರೇನ ಗೊತ್ತಾಗ್ತೈತೇನು?"

ಮನೆಯವರು ನನ್ನ ಓದಿನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು.

ನಾನು ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದು ತೋರಿಸಿದೆ. ಇದೇ ಲೆಕ್ಕ ನಿಮಗೂ. ದೊಡ್ಡವರ ರಕ್ತದಲ್ಲಿ ಟೆಲೋಮಿಯರ್ ವರ್ಷಕ್ಕೆ ಸುಮಾರು 20ರಿಂದ 30 ಅಕ್ಷರ ಸವೆಯುತ್ತದೆ, 25 ಅಂತ ಇಟ್ಟುಕೊಳ್ಳಿ. ಒಂದೂವರೆ ವರ್ಷಕ್ಕೆ 37 ಅಕ್ಷರ. ನಡುವಯಸ್ಸಿನವರ ಟೆಲೋಮಿಯರ್ ಆರೇಳು ಸಾವಿರ ಅಕ್ಷರ ಉದ್ದ. ಚೆನ್ನಾಗಿ ಮಾಡಿದ ಅಳತೆಯಲ್ಲೂ ಶೇ 5ರಷ್ಟು ಆಚೀಚೆ ಆಗೋದು ಮಾಮೂಲು. ಅದೇ 325 ಅಕ್ಷರ ಆಯಿತು, ಅಂದರೆ ಹದಿಮೂರು ವರ್ಷ. ಇದು ಬರೀ ಮಷೀನಿನ ತಪ್ಪು. ಇದರ ಮೇಲೆ, ಒಂದೇ ದಿನ ಹುಟ್ಟಿದ ಇಬ್ಬರ ನಡುವೆ ಸಾವಿರ ಅಕ್ಷರದ ವ್ಯತ್ಯಾಸ ಇರುವುದುಂಟು. ಹುಟ್ಟುವಾಗಲೇ ಒಬ್ಬರಿಗೆ ಉದ್ದ ಕುಚ್ಚು, ಒಬ್ಬರಿಗೆ ಗಿಡ್ಡ. ಸಾವಿರ ಅಕ್ಷರ ಅಂದರೆ ನಲವತ್ತು ವರ್ಷ. ಅಪ್ಪನಿಗೆ ಅರವತ್ತೂ ಬರಬಹುದು, ಮೂವತ್ತೂ ಬರಬಹುದು, ತೊಂಬತ್ತೂ ಬರಬಹುದು. ಇದಕ್ಕಿಂತ ಚೆನ್ನಾಗಿ ವಯಸ್ಸು ಹೇಳುವ ಅಳತೆ ಇಲ್ಲವೇ ಅಂದರೆ, ಇದೆ. ಡಿಎನ್‌ಎ ಮೇಲಿನ ಮೀಥೈಲ್ ಗುರುತುಗಳ ಲೆಕ್ಕ. 2013ರಲ್ಲಿ ಹೋರ್ವಾತ್ ಅದನ್ನು ಕಟ್ಟಿಕೊಟ್ಟಾಗ ಮಧ್ಯಮ ತಪ್ಪು 3.6 ವರ್ಷ. ನಮಗೆ ಬೇಕಿದ್ದದ್ದು ಒಂದೂವರೆ.

"ಅಂದ್ರ ಆ ಮಾಸ್ತರ ಕಿವಿ ಮುಟ್ಟಿಸಿದ್ದಕ್ಕೂ ನಿನ್ನ ಮಷಿನ್ನಿಗೂ ಏನು ಫರಕಿಲ್ಲ ಅನ್ನು," ಅಂದ ಕಾಕಾ. ಸಿಟ್ಟಿನಲ್ಲೇ ಅಂದಿದ್ದು. ಆದರೆ ಎಷ್ಟೋ ಸೆಮಿನಾರುಗಳಲ್ಲಿ ಕೇಳಿದ್ದಕ್ಕಿಂತ ಸರಿಯಾದ ಮಾತು ಅದು. ಒಬ್ಬೊಬ್ಬರ ವಯಸ್ಸು ಹೇಳುವ ವಿಷಯಕ್ಕೆ ಬಂದರೆ, ಮಾಸ್ತರರ ತಪ್ಪು ಒಂದೂವರೆ ವರ್ಷ. ನನ್ನದು ಅದಕ್ಕಿಂತ ಹೆಚ್ಚು.

ಕಾಕಾ ಬಿಡಲಿಲ್ಲ. "ನಿನಗ ಗೊತ್ತಿದ್ದದ್ದು ಅವರಿಗೇನು ಗೊತ್ತು? ನೀ ಬರದ್ರ ಮುಗೀತು."

ಇಲ್ಲೇ ಕಷ್ಟ ಇದ್ದದ್ದು. ಅಪ್ಪನ ವಯಸ್ಸಿನ ಬಗ್ಗೆ ಅಜ್ಜಿ ಹೇಳುವುದು ಸತ್ಯ ಅಂತ ನನಗೆ ಅನುಮಾನ ಇರಲಿಲ್ಲ. ಆ ಸತ್ಯಕ್ಕೆ ಸುಳ್ಳು ಸಾಕ್ಷಿ ಬರೆಯಬೇಕಿತ್ತು. ಹಾಗೆ ಬರೆದರೆ ಸ್ಲ್ಯಾಬ್ ಬೀಳುತ್ತಿತ್ತೋ ಏನೋ. ನಾನು ಆಗಲ್ಲ ಅಂದೆ. ಅವ್ವ ಒಳಗೆ ಹೋದಳು. ಮನೆಯಲ್ಲಿ ಆ ರಾತ್ರಿ ಊಟ ಮಾತಿಲ್ಲದೆ ಆಯಿತು.

ಕಾನೂನಿನ ದಾರಿಯೂ ತೆರೆದಿರಲಿಲ್ಲ ಅನ್ನಿ. ರಾಜ್ಯ ಸರ್ಕಾರಿ ನೌಕರರ ವಯಸ್ಸಿನ ಬಗ್ಗೆ ಕರ್ನಾಟಕದಲ್ಲಿ 1974ರ ಕಾಯ್ದೆಯೇ ಇದೆ, ತಿದ್ದುವುದಿದ್ದರೆ ಸೇವೆಗೆ ಸೇರಿದ ಮೂರು ವರ್ಷದೊಳಗೆ ಕೇಳಬೇಕು. ನಿವೃತ್ತಿಯ ಹೊಸ್ತಿಲಲ್ಲಿ ನಿಂತು ಹುಟ್ಟಿದ ದಿನ ಬದಲಿಸಿ ಅಂದರೆ ನ್ಯಾಯಾಲಯಗಳು ಒಪ್ಪುವುದಿಲ್ಲ; ಸುಪ್ರೀಂ ಕೋರ್ಟು ಇದನ್ನು ಮತ್ತೆ ಮತ್ತೆ ಹೇಳಿದೆ. ವಕೀಲರೂ ಮರುದಿನ ಫೋನಿನಲ್ಲಿ ಅದನ್ನೇ ಅಂದರು.

ಅಪ್ಪ ಮಾತಾಡಿದ್ದು ಎರಡು ದಿನ ಬಿಟ್ಟು. ಬೆಳಿಗ್ಗೆ ವಾಕಿಂಗ್ ಅಂತ ಕ್ಯಾಂಪಿನ ರಸ್ತೆಯಲ್ಲಿ ಹೊರಟಿದ್ವಿ. ದೂರದಲ್ಲಿ ಮಲ್ಲಪ್ಪ ಶಾಫ್ಟಿನ ಗಾಲಿ ತಿರುಗುತ್ತಿತ್ತು.

"ಒಂದ ಹೋಲಿನ ಕೋರ್ ನೋಡಿ ರೀಫ್ ಹಿಂಗ ಹೊಂಟೈತಿ ಅಂತ ಹೇಳಾಕ ಬರಂಗಿಲ್ಲ. ಇನ್ನೊಂದು ಹೋಲ್ ಹಾಕಬೇಕು. ಎರಡೂ ಜೋಡಿಸಿದ್ರ ಗೆರಿ ಬರ್ತೈತಿ. ನಿಂದೂ ಹಂಗ ಅಲ್ಲೇನು?"

"ಹಂಗ ಅಪ್ಪಾ. ನೀವು ಸಣ್ಣವರಿದ್ದಾಗಿಂದು ಒಂದು ಹನಿ ಯಾರರೆ ಇಟ್ಟಿದ್ರ, ಎಷ್ಟು ಸವದೀರಿ ಅಂತ ಹೇಳಬಹುದಿತ್ತು. ಆವಾಗೂ ಹುಟ್ಟಿದ ದಿನ ಹೇಳಾಕ ಆಗ್ತಿದ್ದಿಲ್ಲ."

"ಸವದದ್ದು ನನಗ ಗೊತ್ತೈತಿ ಬಿಡು. ಅದನ್ನೇನು ಮಷಿನ್ ಹೇಳಬೇಕು?"

ಇಬ್ಬರೂ ನಕ್ಕೆವು. ಮೂರು ದಿನದಲ್ಲಿ ಮೊದಲ ಸಲ.

ಅಪ್ಪ ಆ ಮೇ 31ಕ್ಕೆ ನಿವೃತ್ತರಾದರು. ಅದೇ ಸಂಜೆ ಎಷ್ಟೊಂದು ಜನರಿಗೆ ಶಾಲು, ಹಾರ! ಎಲ್ಲರೂ ಜೂನ್ 1ರವರು. ಮನೆಯ ಸ್ಲ್ಯಾಬ್ ಬಿದ್ದಿದ್ದು ಎರಡು ವರ್ಷ ತಡವಾಗಿ. ಅಲ್ಲಿಯತನಕ ಬಾಡಿಗೆ ಮನೆ. ತಮ್ಮನ ಫೀಸಿಗೆ ಅವ್ವನ ಬಳೆ ಹೋದವು. ಚಿನ್ನದ ಊರಿನಲ್ಲೂ ಬಳೆ ಅಡವಿಗೆ ಹೋಗುತ್ತವೆ. ಕಾಕಾ ನನ್ನ ಜೊತೆ ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ.

*

ಕಾಕಾನ ಹಳೆಯ ಪ್ರಶ್ನೆ ಬಾಕಿ ಇದೆ. ನಮ್ಮಲ್ಲಿ ಗುಬ್ಬಿ ಇಲ್ಲವೇ?

ಇವೆ. ಉಂಗುರ ಹಾಕುವ ವಿದ್ಯೆಯೂ ಹೊಸದಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1927ರಲ್ಲೇ ಧಾರ್ ಸಂಸ್ಥಾನದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸಿತ್ತು. ದೊಡ್ಡ ಪ್ರಮಾಣದಲ್ಲಿ ಆ ಕೆಲಸ ಶುರುವಾಗಲು ಒಂದು ಕಾರಣ ನಮ್ಮ ಕರ್ನಾಟಕವೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ, ಅದರ ವೈರಸ್ಸು ರಷ್ಯಾದ ಒಂದು ಕಾಯಿಲೆಯ ವೈರಸ್ಸಿಗೆ ಹತ್ತಿರದ್ದು ಅಂತ ಗೊತ್ತಾಯಿತು. ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳು ತಂದಿರಬಹುದೇ? ಈ ಅನುಮಾನದಿಂದ ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು, ಸಲೀಂ ಅಲಿ ಅವರ ತಂಡ ಸಾವಿರಾರು ಹಕ್ಕಿಗಳಿಗೆ ಉಂಗುರ ಹಾಕಿತು.

ಕೊರತೆ ಇರೋದು ಒಂದೇ ಜಾಗದಲ್ಲಿ ಒಂದೇ ಹಕ್ಕಿಗಳನ್ನು ಇಪ್ಪತ್ತು ಮೂವತ್ತು ವರ್ಷ ಬಿಡದೆ ನೋಡುವ ಕೆಲಸಕ್ಕೆ. ಅದಕ್ಕೆ 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿ ಬೇಕು, ಅದು ಇರಬೇಕಾದ್ದೇ. ಆಮೇಲೆ ಕರೆಂಟ್ ಹೋಗದ ಫ್ರೀಜರ್ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ತನಗೆ ಉಪಯೋಗವಿಲ್ಲದ ಡಬ್ಬಿಯ ಮೇಲೆ ಪೆನ್ಸಿಲ್ಲಿನಲ್ಲಿ ಸರಿಯಾಗಿ ನಂಬರ್ ಬರೆಯುವ ಜನ ಬೇಕು. ನಮ್ಮ ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿರುಗುಪ್ಪ. ಅಲ್ಲಿನ ಎರೆ ಹೊಲಗಳಲ್ಲಿ ಎರೆಭೂತ ಹಕ್ಕಿಗಳು ಬೆರಳೆಣಿಕೆಗೆ ಬಂದಿವೆ. ಈಗ ಅವನ್ನು ಹಿಡಿದು ರಕ್ತ ತೆಗೆಯುತ್ತೇನೆ ಅನ್ನೋದೇ ಅಪಾಯದ ಮಾತು. ಹಿಂಡು ಹಿಂಡಾಗಿದ್ದಾಗಿನ ಮೊದಲ ಹನಿಯನ್ನು ಈಗ ಹೋಗಿ ತರಲು ಬರುವುದಿಲ್ಲ.

ಹಾಗಾಗಿ ಊಟದ ಟೇಬಲ್ಲಿನಲ್ಲಿ ಕೇಳಿದವರಿಗೆ ನನ್ನ ಉತ್ತರ ಇಷ್ಟು. ಟೆಲೋಮಿಯರ್ ಸುಳ್ಳಲ್ಲ. ನೂರಾರು ಹಕ್ಕಿಗಳನ್ನು ಒಟ್ಟಿಗೆ ನೋಡಿದಾಗ ಅದು ನಿಜವಾದ ಕಥೆ ಹೇಳುತ್ತದೆ: ಹಸಿವು, ಬೆಳವಣಿಗೆ, ಕಷ್ಟ ಮೈಮೇಲೆ ಬಿಟ್ಟುಹೋದ ಗುರುತಿನ ಕಥೆ. ನಿಮ್ಮೊಬ್ಬರ ಒಂದು ಹನಿಯಿಂದ ನಿಮ್ಮ ವಯಸ್ಸು ಹೇಳುತ್ತೇನೆ ಅಂದರೆ, ಅದು ಕಿವಿ ಮುಟ್ಟಿಸುವ ಆಟ. ಜಿಎಸ್‌ಟಿ ಬೇರೆ.

ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಊರಿಗೆ ಒಂದು ಟಿಕೆಟ್ ಮಾಡಿಸಿ. ನಾನು ಹೋದ ಯುಗಾದಿಗೆ ಅಜ್ಜಿಯನ್ನು ಕೂರಿಸಿಕೊಂಡು ಒಂದು ನೋಟ್‌ಬುಕ್ ತುಂಬಿಸಿದೆ. ಅಜ್ಜಿಗೆ ತಾರೀಖು ಗೊತ್ತಿಲ್ಲ, ಆದರೆ ಯಾವುದರ ಹಿಂದೆ ಯಾವುದು ಆಯಿತು ಅನ್ನೋದು ತಪ್ಪಲ್ಲ. ಬಂಗಾರ ಕೇಳಾಕ ಬಂದಾಗ ಅಪ್ಪ. ಎಪ್ಪತ್ತೆರಡರ ಬರದಾಗ, ಗಂಜಿ ಕೇಂದ್ರ ಇದ್ದಾಗ, ಕಾಕಾ ಹೆಜ್ಜೆ ಇಡಾಕತ್ತಿದ್ದ. ಇಬ್ಬರ ನಡುವೆ ಒಂದು ಹೆಣ್ಣು ಕೂಸು ಇತ್ತು, ಮೂರು ತಿಂಗಳಿಗೆ ಹೋಯಿತು, ಹೆಸರಿಟ್ಟಿರಲಿಲ್ಲ. ಅಪ್ಪನಿಗೂ ಆ ವಿಷಯ ಗೊತ್ತಿರಲಿಲ್ಲ.

ಬರೆದುಕೊಂಡೆ. ಪೆನ್ಸಿಲ್ಲಿನಲ್ಲಿ.